ದುಮಚಿಯ ಗೆರೆ

ವಿಜಯಪುರದ ಸ್ಟೇಷನ್ ರಸ್ತೆ, ಬೇವಿನ ನೆರಳು.
ಮೂರು ಟಾಂಗಾ, ನಾಲ್ಕು ಕುದುರೆ.
ನಾಲ್ಕನೆಯದಕ್ಕೆ ಗಾಡಿಯಿಲ್ಲ, ಗಾಲಿ ಮಾರಿ ಎರಡು ವರ್ಷ.
ನನ್ನ ಕೈಯಲ್ಲಿ ದರ್ಜಿಯಿಂದ ಕಡ ತಂದ ಟೇಪು,
ಪಶು ಆಸ್ಪತ್ರೆ ಕೊಟ್ಟ ಹಳದಿ ಹಾಳೆ,
ಚೀಲದಲ್ಲೊಂದು ಚಿತ್ರ: ಹುಲ್ಲುಬಯಲಿನ ಕಾಡುಕುದುರೆ,
ಯಾರೂ ಇನ್ನೂ ಬೆನ್ನು ಕೇಳದಿದ್ದ ಕಾಲದ ಮೈ.

"ಏನ ಅಳೀತಿಯವಾ, ಅಂಗಿ ಹೊಲಸ್ತಿ ಏನ ಆಕಿಗೆ?"
ಅಂದ ಲಾಡ್ಲೇಸಾಬ, ಬೀಡಿಯನ್ನು ಕಿವಿಗೆ ಸಿಕ್ಕಿಸಿ.
ಆಕೆಯ ಹೆಸರು ಹುರಳಿ. ಬಣ್ಣವೂ ಅದೇ,
ತಿನ್ನುವುದೂ ಅದೇ, ಸಿಕ್ಕ ದಿನ.

ಎತ್ತರ, ಹೆಗಲ ದಿಬ್ಬಕ್ಕೆ, ಹನ್ನೆರಡೂವರೆ ಮುಷ್ಟಿ.
ದಿಬ್ಬ ಅನ್ನುವುದೂ ದೊಡ್ಡ ಮಾತು:
ಡೋಣಿ ಸಾಲಿನ ಎರೆಹೊಲದ ಹಾಗೆ
ಎಲ್ಲಿ ಏರಿತು, ಎಲ್ಲಿ ಇಳಿಯಿತು, ಕಣ್ಣಿಗೆ ತಿಳಿಯದು.
ಕುತ್ತಿಗೆ ಗಿಡ್ಡ. ತಲೆ ಮಾತ್ರ
ಯಾವುದೋ ದೊಡ್ಡ ಕುದುರೆಯಿಂದ ಎರವಲು ತಂದದ್ದು.
ಹೊಟ್ಟೆ ನೀರಿನ ಹಂಡೆ.
ಸೊಂಟದಿಂದ ಬಾಲಕ್ಕೆ ಮಳೆನೀರು ನಿಲ್ಲದಂಥ ಇಳಿಜಾರು.

ಪಕ್ಕದಲ್ಲಿ ಖಾಜೇಸಾಬನ ಬಿಳಿ ಗಂಡು,
ಮದುವೆಗಳಿಗೆಲ್ಲ ಅವನೇ ಹೋಗುವವನು,
ಕಿವಿಯ ತುದಿ ಕಿವಿಯ ತುದಿಗೆ ಗುಟ್ಟು ಹೇಳುವ ಮಾರವಾಡದ ರಕ್ತ.
ಹಂಸದ ಕುತ್ತಿಗೆ, ಉದ್ದ ಕಾಲು.
ಮೊಣಕಾಲ ಕೆಳಗಿನ ಎಲುಬಿಗೆ ಟೇಪು ಸುತ್ತಿದೆ:
ಅವನಿಗೆ ಆರೂ ಮುಕ್ಕಾಲು ಇಂಚು.
ಗಿಡ್ಡ ಹುರಳಿಗೆ ಏಳೂ ಕಾಲು.
ನಂಬದೆ ಇನ್ನೊಮ್ಮೆ ಸುತ್ತಿದೆ. ಏಳೂ ಕಾಲು.

"ಎಲುಬ ಯಾರ ನೋಡ್ತಾರ್ರಿ," ಅಂದ ಲಾಡ್ಲೇಸಾಬ,
"ಹಣಿ ಮ್ಯಾಲಿನ ಸುಳಿ ಕೆಳಗ ಜಾರೈತಿ ಅಂತ
ಮೂರ ಮಂದಿ ಹಲ್ಲ ಎಣಿಸಿ ಬಿಟ್ಟ ಹ್ವಾದ್ರು.
ಅದಕ್ಕ ನನಗ ಸಿಕ್ಕಳು,
ಧೂಳಖೇಡದ ಹೊಳಿದಂಡ್ಯಾಗ, ಧನಗರರ ಕುರಿ ಹಿಂದ
ಗಡಿಗಿ, ಕೋಳಿ, ಒಂದ ಕೂಸು ಹೊತಗೊಂಡ ಬರತಿದ್ದಳು."
ನನ್ನ ಹಾಳೆಯಲ್ಲಿ ಸುಳಿಗೆ ಜಾಗವಿರಲಿಲ್ಲ.
ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಸುಳಿ ಬಿಡಿಸಿದೆ.

ಚಿತ್ರ ತೆಗೆದು ಅವಳ ಪಕ್ಕ ಹಿಡಿದೆ.
ಅದೇ ಭಾರದ ದವಡೆ, ಅದೇ ದುಂಡು ಗೊರಸು,
ಕಾಲಿಗೆ ಮಸಿಯಲ್ಲಿ ಬೆರಳಾಡಿಸಿದಂಥ ಅದೇ ಅಡ್ಡಪಟ್ಟಿ.
ಕೇಸರ ಮಾತ್ರ ಅಲ್ಲಿ ನೆಟ್ಟಗೆ ಬ್ರಷ್ಷಿನ ಹಾಗೆ,
ಇವಳದು ಎರಡೂ ಕಡೆ ಬಿದ್ದು, ಬುಡದಲ್ಲಿ ಎಳ್ಳಿನ ಹೊಟ್ಟು.
ಮತ್ತೆ, ಹೆಗಲಿಂದ ಬಾಲದ ತನಕ
ಬೆನ್ನ ನಟ್ಟನಡುವೆ
ಎರಡು ಬೆರಳಗಲ ಕರೀ ಗೆರೆ.

"ಅದನ್ನ ಬರೀಬ್ಯಾಡ್ರಿ," ಅಂದ.
ದನಿ ಇಳಿದಿತ್ತು.
"ಅದು ನಂದ ತಪ್ಪು. ಬಾಲಕ್ಕ ಹಾಕೂ ದುಮಚಿ ಪಟ್ಟಿ
ಬಿಗಿ ಆಗಿ ಸುಟ್ಟ ಗಾಯ.
ಚಳಿಗಾಲದ ಕೂದಲ ಉದುರಿದ ಮ್ಯಾಲ ಕಂಡಿತು.
ಆವತ್ತಿನಿಂದ ದಿನಾ ರಾತ್ರಿ ಕುಸುಬಿ ಎಣ್ಣಿ ತಿಕ್ಕತೀನಿ.
ಹನ್ನೊಂದ ವರ್ಷ ಆತು, ಮಾಯವಲ್ದು."

ಹೇಳಿದೆ: ಇದು ಹುಟ್ಟಿನಿಂದ ಬಂದದ್ದು ಕಾಕಾ.
ಇವಳ ಅವ್ವನದು, ಅವ್ವನ ಅವ್ವನದು,
ಚರ್ಮದ ಪಟ್ಟಿ ಅನ್ನುವುದೇ ಇಲ್ಲದಾಗಿನದು.
ನೋಡು, ಇಲ್ಲಿ. ಚಿತ್ರ ಕೊಟ್ಟೆ.

ಕನ್ನಡಕವಿಲ್ಲದೆ ದೂರ ಹಿಡಿದ, ಹತ್ತಿರ ಹಿಡಿದ,
ಹೆಬ್ಬೆರಳಿನಿಂದ ಹಾಳೆಯ ಬೆನ್ನು ಒರೆಸಿ ನೋಡಿದ.
"ಇದಕ್ಕ ಯಾರೂ ಸಾಮಾನ ಹಾಕಿಲ್ಲಂತೀಯ?"
ಇಲ್ಲ.
"ಹಂಗಾರ," ಎಂದ ಬಹಳ ಹೊತ್ತಿನ ಮೇಲೆ,
"ಅಷ್ಟೂ ಎಣ್ಣಿ?"

ಹುರಳಿ ಬಾಲದಿಂದ ನೊಣ ಹೊಡೆದಳು, ನನಗೂ ತಾಗಿತು.

ಮರುದಿನ ಖಾಜೇಸಾಬನ ಗಂಡಿನ ಎದೆಸುತ್ತು ಬಾಕಿಯಿತ್ತು,
ಹೋದೆ. ಬೇವಿನ ನೆರಳು ಆಗಲೇ ರಸ್ತೆ ದಾಟಿತ್ತು.
ಲಾಡ್ಲೇಸಾಬ ಇರಲಿಲ್ಲ, ಚಹಾಕ್ಕೆ ಹೋಗಿದ್ದ.
ಅವಳ ಬೆನ್ನ ಗೆರೆ, ಈಗಷ್ಟೇ ತಿಕ್ಕಿದ್ದು,
ಬಿಸಿಲಿಗೆ ಹೊಳೆಯುತ್ತಿತ್ತು.

ತಳಿ ಎಂಬ ಸಾಲು ಖಾಲಿಯೇ ಹೋಯಿತು ಆಫೀಸಿಗೆ.
ಟೇಪು ವಾಪಸು ಕೊಟ್ಟಾಗ ದರ್ಜಿ ಮೂಗಿಗೆ ಹಿಡಿದು ಕೇಳಿದ,
ಯಾರ ಮದುವೆಯ ಅಳತೆ ಇದು,
ನಲವತ್ತರಿಂದ ಮುಂದಿನ ಅಂಕಿಯೆಲ್ಲ ಜಿಡ್ಡು?