ಸಡಿಲ

ಮೂವತ್ತೊಂದು ವರ್ಷ ಬರ್ನೋದಲ್ಲಿ ಟ್ರಾಮ್ ಓಡಿಸಿದ
ದ್ರಾಹೊಮೀರಾ ಒಮ್ಮೆಯೂ ಸ್ಟೀರಿಂಗ್ ಹಿಡಿದವಳಲ್ಲ;
ಹಳಿ ಹೇಳಿದತ್ತ ಹೋದವಳು.

ಈಗ ನೆಲಮಾಳಿಗೆಯಲ್ಲಿ,
ಆಲೂಗಡ್ಡೆ ಚೀಲಕ್ಕೂ ಸೌತೆಯ ಜಾಡಿಗಳಿಗೂ ನಡುವೆ
ಒಂದು ಪುಟ್ಟ ಲೇತ್. ಎರಡು ಹಿಡಿಚಕ್ರ.
ಎಡಕ್ಕೋ ಬಲಕ್ಕೋ, ಕೇಳುವವರಿಲ್ಲ.

ಮೊದಲ ವಾರವೆಲ್ಲ ಉಳಿ ಕಿರುಚಿತು,
ಹಿತ್ತಾಳೆಯ ಮೈತುಂಬ ಗೀರು.
ಮೂರನೇ ಮಹಡಿಯ ವೆಂಡೆಲೀನ್,
ಕಾರ್ಖಾನೆಗೆ ಕಿವಿ ಕೊಟ್ಟು ಬಂದ ಮುದುಕ,
ಸರಳಿನ ಮೇಲೆ ಉಗುರೆಳೆದು ನೋಡಿ
"ಮೊನೆ ಕೂದಲಷ್ಟು ಕೆಳಗಿದೆ" ಎಂದ,
ಉಳಿಯಡಿಗೆ ತಗಡಿನ ಚೂರು ತುರುಕಿದ.
ಹಿತ್ತಾಳೆ ರವೆಯಂತೆ ಉದುರಿತು.

ಚಕ್ರ ಹಿಂದಕ್ಕೆ ತಿರುಗಿಸಿದರೆ
ಕಾಲು ಸುತ್ತು ಏನೂ ಆಗದು.
ಕೈ ಹೊರಟಿದೆ, ಉಳಿ ನಿಂತಲ್ಲೇ.
"ಕೆಟ್ಟಿದೆಯೆ?"
"ಸಡಿಲ. ಯಾವ ತಿರುಪಿಗೂ ಇದ್ದದ್ದೇ.
ಲೆಕ್ಕಕ್ಕೆ ಹಿಡಿಯಬೇಡ; ಕಚ್ಚುವ ತನಕ ತಿರುಗಿಸು."

ಮಾರ್ಚಿನಲ್ಲಿ ಕೆಲಸ ಬಿಟ್ಟವಳು
ಇನ್ನೂ ನಾಲ್ಕಕ್ಕೇ ಏಳುತ್ತಾಳೆ,
ಮೊದಲ ಟ್ರಾಮ್ ದಾಟುವ ತನಕ ಕಿಟಕಿಯಲ್ಲಿ.
ಆಮೇಲೆ ಮೆಟ್ಟಿಲಿಳಿದು
ತಿರುಗಿಸುತ್ತಾಳೆ.

ಕಾಫಿ ಬೀಸುವ ಯಂತ್ರಕ್ಕೆ ಕೊನೆಗೊಂದು ಹಿಡಿ ಕಡೆದಳು.
ತುಸು ಅಲ್ಲಾಡುತ್ತದೆ.
ವೆಂಡೆಲೀನ್ ಹುಬ್ಬೇರಿಸಿದ್ದಕ್ಕೆ ಅವನ ಕಿವಿಗೆ ಬಾಯಿಟ್ಟು ಕೂಗಿದಳು:
"ಇರಲಿ ಬಿಡು, ಬೀಸುತ್ತದಲ್ಲ!"