ತೂಕದ ಚೀಟಿ

ಬೆಳಗಿನಿಂದ ಬೇರೆಯವರ ಭಾರ ಬರೆಯುವುದು ನನ್ನ ಕೆಲಸ.
ಹಾಸನದ ಎಪಿಎಂಸಿ ಯಾರ್ಡು, ಏಳನೇ ಮಂಡಿ,
ತಕ್ಕಡಿ ಪಕ್ಕದ ಕಬ್ಬಿಣದ ಕುರ್ಚಿ.
ಆಲೂಗಡ್ಡೆ ಮೂಟೆ: ಐವತ್ತೆರಡು, ಐವತ್ತೊಂದೂವರೆ,
ಮಣ್ಣಿನ ಬಾಬ್ತು ಎರಡು ಕಿಲೋ ವಜಾ.
ಕಾರ್ಬನ್ ಹಾಳೆಯ ನೀಲಿ ಬೆರಳಿಗಂಟಿದರೆ
ಸೋಪಿಗೂ ಜಗ್ಗುವುದಿಲ್ಲ.

ಸಂಜೆ ಆರಕ್ಕೆ ನನ್ನದೇ ಭಾರ.
ಪೆನ್ಷನ್ ಮೊಹಲ್ಲಾದ ಟೈರಂಗಡಿ ಮೇಲೆ
ತಗಡು ಹೊದ್ದ ಜಿಮ್ಮು.
ನಲವತ್ತೊಂದರ ಹೆಂಗಸು ನಾನೊಬ್ಬಳೇ;
ಮಿಕ್ಕವರೆಲ್ಲ ಮೀಸೆ ಮೊಳೆಯುವ ಹುಡುಗರು.
"ಆಂಟಿ, ಪ್ಲೇಟು ತೆಗೀಲಾ?"
ಹಾಕು ಅನ್ನುತ್ತೇನೆ. ಇನ್ನೊಂದು ಹಾಕು.

ಹಾಗೆ ಹಾಕಿಸಿಕೊಂಡ ಒಂದು ಸೋಮವಾರ
ಎಪ್ಪತ್ತು ಕಿಲೋ ಮೊಣಕಾಲು ದಾಟಿದ್ದೇ ತಡ
ಹಿಂದಲೆಯಲ್ಲಿ ಯಾರೋ ಬಾಗಿಲು ಬಡಿದರು.
ಧಡ್.
ಆಮೇಲೆ ನಾಡಿಯ ಲೆಕ್ಕಕ್ಕೆ
ಅದೇ ಬಾಗಿಲು, ತೆಗೆದು ಬಡಿದು, ತೆಗೆದು ಬಡಿದು.
ಮೆಟ್ಟಿಲ ಮೇಲೆ ಒದ್ದೆ ಟವೆಲ್ ಹೊದ್ದು ಕೂತೆ.
ಬಸ್ಸಿನ ಹಾರನ್ನು ಕಿವಿಗಲ್ಲ,
ನೇರ ಕಣ್ಣುಗುಡ್ಡೆಗೇ ಬರುತ್ತಿತ್ತು.

ಅಕ್ಕ ಹಣೆಗೆ ಮುಲಾಮು ತಿಕ್ಕಿದಳು, ತಿಕ್ಕುತ್ತಲೇ ಬೈದಳು:
"ಹಮಾಲರಿಗೆ ಎತ್ತಿದ್ದಕ್ಕೆ ದುಡ್ಡು ಕೊಡ್ತಾರೆ ಕಣೇ,
ನೀನು ದುಡ್ಡು ಕೊಟ್ಟು ಎತ್ತುತೀಯ!"

ಡಾಕ್ಟರು ನಗಲಿಲ್ಲ. ಮೊದಲ ಸಲ ಹೀಗೆ ಬಂದರೆ
ನೋಡಲೇಬೇಕು ಅಂತ ಸ್ಕ್ಯಾನಿಗೆ ಬರೆದರು.
ಫೋಟೋದಲ್ಲಿ ಏನೂ ಇರಲಿಲ್ಲ. ಸಮಾಧಾನ, ನಿಜ,
ಕೊಂಚ ಅವಮಾನವೂ ಆಯಿತು:
ಅಷ್ಟು ಸದ್ದು ಮಾಡಿದ್ದು ಏನೂ ಅಲ್ಲವೇ?
ಎರಡು ವಾರ ಬಿಡಿ. ನೀರು ಕುಡಿಯಿರಿ.
ಮೈ ಬಿಸಿಯಾಗುವ ತನಕ ಖಾಲಿ ರಾಡು.
ಉಸಿರು ಹಿಡಿಯಬೇಡಿ.
ಎಲ್ಲಕ್ಕೂ ತಲೆಯಾಡಿಸಿದೆ. ಕೊನೆಯದು ಅರ್ಥವಾಗಲಿಲ್ಲ.
ಉಸಿರನ್ನು ಯಾರು ಹಿಡಿಯುತ್ತಾರೆ, ಅದೇನು ಕೋಳಿಯೇ?

ಮಂಚಯ್ಯನ್ನ ಕೇಳಿದೆ. ಅರವತ್ತು ದಾಟಿದ ಹಮಾಲಿ,
ಎಡ ಹೆಗಲು ಬಲಕ್ಕಿಂತ ಎರಡು ಬೆರಳು ತಗ್ಗು.
"ನಿಂಗೆ ತಲೆನೋವು ಬರಲ್ವಾ?"
"ಬೀಡಿ ಸಿಗದೇ ಇದ್ರೆ ಬತ್ತದೆ."
ಆಮೇಲೆ ಅರ್ಧ ಮೂಟೆ ಎತ್ತಿಸಿ ನೋಡಿದ.
ನನ್ನ ಸೊಂಟ ನೋಡಲಿಲ್ಲ, ಕಾಲೂ ನೋಡಲಿಲ್ಲ,
ಬಾಯಿ ನೋಡಿದ.
"ಹಿಂಗೆ ಬಾಯಿ ಹೊಲ್ಕಂಡು ಎತ್ತುದ್ರೆ
ಭಾರ ಎತ್ತಗೆ ಹೋಗ್ಬೇಕವ್ವ? ತಲೆಗೇ ಹತ್ತದೆ.
ನಾವು ಸುಮ್‌ಸುಮ್ನೆ ಹೂಂಕರುಸ್ತೀವಿ ಅಂದ್ಕಂಡಾ?"

ಹದಿನೆಂಟು ವರ್ಷ ಕೇಳಿದ ಸದ್ದು.
ಮೂಟೆ ಬೆನ್ನಿಗೆ ಬೀಳುವ ಗಳಿಗೆ: ಹ್ಹುಂ... ಹಾ!
ಯಾವ ಚೀಟಿಯಲ್ಲೂ ನಾನದನ್ನು ಬರೆದಿಲ್ಲ.
ಸಂಕಟ ಅಂದುಕೊಂಡಿದ್ದೆ. ಕಸುಬು ಅದು.

ಆ ರಾತ್ರಿ ಲೆಕ್ಕ ಹಾಕುತ್ತಾ ಮಲಗಿದೆ,
ಎಲ್ಲೆಲ್ಲಿ ಬಾಯಿ ಹೊಲಿದುಕೊಂಡೆ ಅಂತ.
ಧಣಿ "ಇವತ್ತು ಮೂರು ಕಿಲೋ ವಜಾ ಮಾಡಮ್ಮ" ಅಂದ ದಿನ,
ಗಡ್ಡೆಗೆ ಮಣ್ಣೇ ಇರಲಿಲ್ಲ,
ಹೊಳೆಯಲ್ಲಿ ತೊಳೆದು ತಂದಿದ್ದರು ಪಾಪ.
ಸೆರಗಿನಲ್ಲಿ ಬುತ್ತಿ ಕಟ್ಟಿಕೊಂಡ ಆ ಮುದುಕಿ
ನನ್ನ ಪೆನ್ನಿನ ಮೊನೆಯನ್ನೇ ನೋಡುತ್ತಿದ್ದಳು.
ಮೂರು ಬರೆದೆ.
ಉಸಿರು ಹಿಡಿದುಕೊಂಡೇ ಬರೆದೆ.

ಈಗ ಖಾಲಿ ರಾಡು ಮೊದಲು, ಆಮೇಲೆ ನಲವತ್ತು,
ನಡುನಡುವೆ ಒಂದೊಂದು ಗುಟುಕು ನೀರು.
ಮೊದಲ ದಿನ ಹ್ಹುಂ... ಹಾ ಅಂದಾಗ
ಹುಡುಗರೆಲ್ಲ ಕನ್ನಡಿ ಬಿಟ್ಟು ತಿರುಗಿದರು.
ಏಪ್ರಿಲ್ಲಿನಲ್ಲಿ ತಗಡು ಕಾದಾಗ ಇಂದಿಗೂ ಬರುತ್ತದೆ,
ಬಾಗಿಲು ಬಡಿಯುವವನು ಊರು ಬಿಟ್ಟಿಲ್ಲ.
ಆಗ ಇಳಿಸಿಬಿಡುತ್ತೇನೆ. ಮೆಟ್ಟಿಲು, ಟವೆಲ್ಲು, ಟೈರಿನ ವಾಸನೆ.
ಚೀಟಿ ಪುಸ್ತಕದ ಬೆನ್ನಲ್ಲಿ ಬರೆದಿಡುತ್ತೇನೆ:
ಎತ್ತಿದ್ದು ಅರವತ್ತು, ನೋವು ಇಪ್ಪತ್ತು ನಿಮಿಷ.

ನಿನ್ನೆ ಧಣಿ ಮತ್ತೆ "ಮೂರು" ಅಂದರು.
ನಾನು ಉಸಿರು ಬಿಟ್ಟೆ, ಸ್ವಲ್ಪ ಜೋರಾಗಿಯೇ.
"ಏನು?"
"ಎರಡು" ಅಂದೆ. ಒತ್ತಿ ಬರೆದೆ.
ಕೆಳಗಿನ ಹಾಳೆಯಲ್ಲೂ ಎರಡೇ ಮೂಡಿತು.