ವೇಗ ಕೇಳಬೇಡಿ

ಹದಿನೇಳು ವರ್ಷದಿಂದ ಶಾಲೆಯ ಹಳದಿ ಬಸ್ಸು ನನ್ನದು,
ರಾಸ್ ಅಲ್ ಖೈಮಾದ ಮೂವತ್ತೆರಡು ಮನೆಗಳ ಗೇಟು ನನಗೆ ಬಾಯಿಪಾಠ.
ಎಂಬತ್ತು ದಾಟಿದರೆ ಡ್ಯಾಶ್‌ಬೋರ್ಡು ಕೀಂಯ್ ಅನ್ನುತ್ತದೆ.
ತಿರುವಿನಲ್ಲಿ ನೀರಿನ ಬಾಟಲಿಯೊಂದು ಉರುಳಿದರೂ
ನನ್ನ ಬೆನ್ನು ನೆಟ್ಟಗಾಗುತ್ತದೆ.

ಮೂರನೇ ಸೀಟಿನ ಹುಮೈದ್, ಐದನೇ ಕ್ಲಾಸು,
ಒಂದು ಮಧ್ಯಾಹ್ನ ಚೀಲದಿಂದ ತೆಗೆದ ಅಂಗೈಯಗಲದ ಜೀಪು.
ಪುಸ್ತಕ, ಟಿಫಿನ್ ಡಬ್ಬಿ, ಯಾರದೋ ಬೂಟು
ಒಂದೊಂದನ್ನೇ ಹತ್ತಿ ಇಳಿಯಿತು ಅದು,
ಮುಹೂರ್ತ ಮೀರಿದರೂ ಅವಸರಪಡದ ಪುರೋಹಿತನ ಹಾಗೆ.

"ನನಗೂ ಬೇಕು" ಅಂದುಬಿಟ್ಟೆ, ಬಾಯಿತಪ್ಪಿ.
ಅಂದಿನಿಂದ ಅವನೇ ಮೇಷ್ಟ್ರು.

"ಅಂಗಡಿಯಲ್ಲಿ ವೇಗ ಕೇಳಬೇಡಿ, ನಗ್ತಾರೆ.
ಓಡುವ ಕಾರು ಬೇರೆ, ಹತ್ತುವ ಕಾರು ಬೇರೆ.
ಟಯರು ಒತ್ತಿ ನೋಡಿ, ಇಡ್ಲಿಯ ಹಾಗಿರಬೇಕು."
(ಅವನು ಹೇಳಿದ್ದು ಖರ್ಜೂರ. ಇಡ್ಲಿ ನನ್ನ ಅನುವಾದ.)
"ಭಾರ ಕೆಳಗಿರಲಿ, ಮುಂದಕ್ಕಿರಲಿ.
ಬಿಡಿಭಾಗ ಈ ಊರಲ್ಲೇ ಸಿಗುವಂಥದ್ದು ತಗೊಳ್ಳಿ,
ಮುರಿಯುತ್ತೆ, ಖಂಡಿತ ಮುರಿಯುತ್ತೆ.
ನಾವೇ ಜೋಡಿಸುವ ಕಿಟ್ಟು ಈಗ ಬೇಡ,
ಎರಡನೆಯದಕ್ಕೆ ಇರಲಿ."

ಎರಡನೆಯದಂತೆ!

ನಖೀಲ್‌ನ ಅಂಗಡಿಯಲ್ಲಿ ತ್ರಿಶೂರಿನ ಬಿಜೋಯ್ ಮೂರನ್ನು ಸಾಲಿಗಿಟ್ಟ.
ಒಂದಕ್ಕೆ ಮದುವೆಮನೆಯಷ್ಟು ಲೈಟು.
ಒಂದು ತೀರ ಪುಟ್ಟದು, ಕೋಣೆಯ ಚಾಪೆಗೇ ಸಾಕು.
ಬೆಳಿಗ್ಗೆ ನಾಲ್ಕೂವರೆಗೆ ಬಸ್ಸಿನಡಿ ಬಗ್ಗುವ ಹಾಗೆಯೇ
ಮೊಣಕಾಲೂರಿ ಮೂರರ ಹೊಟ್ಟೆಯನ್ನೂ ನೋಡಿದೆ.
ನಡುವಿನದು. ಡಬ್ಬಿ ನಜ್ಜಾಗಿತ್ತು, ಬಣ್ಣ ಮಣ್ಣಿನದು,
ಒತ್ತಿದರೆ ಒಂದು ಚಕ್ರ ಮಾತ್ರ ತಗ್ಗಿ
ಉಳಿದ ಮೂರು ಊರಿ ನಿಲ್ಲುತ್ತಿದ್ದವು.
ಐನೂರಿಪ್ಪತ್ತು ದಿರ್ಹಮ್.
ತಲೆ ರೂಪಾಯಿಗೆ ಗುಣಿಸುವ ಮೊದಲೇ ಕಾರ್ಡು ಚಾಚಿದೆ.

ಶನಿವಾರ, ವಾದಿ ಬೀಹ್.
ವಾದಿಯೆಂದರೆ ಇಲ್ಲಿ ಒಣಹೊಳೆ, ಯಾರೊಡನೆಯೂ ವಾದವಿಲ್ಲ ಅದಕ್ಕೆ.
ರೂಮಿನ ಮೋನಬ್ಬ ಸುಲೈಮಾನಿಯ ಫ್ಲಾಸ್ಕು ಹಿಡಿದು ಕೂತ:
"ದೂಮಣ್ಣಾ, ಮಕ್ಕಳಾಟ ಮಾರಾಯ ಇದು."
ನನ್ನ ಸೊಂಟದೆತ್ತರದ ಬಂಡೆ.
ಹತ್ತಿತು. ನಿಂತಿತು. ಇನ್ನಷ್ಟು ಹತ್ತಿತು.
ಒಂದು ಚಕ್ರ ಗಾಳಿಯಲ್ಲಿ ಯೋಚಿಸಿತು.
ಆಮೇಲೆ ಅಂಗಾತ.

ನನ್ನ ಬಲಗಾಲು ತಾನಾಗಿ ನೆಲವನ್ನೊತ್ತಿತು.
ಅಲ್ಲಿ ಬ್ರೇಕಿರಲಿಲ್ಲ.
ಕಿವಿಗೊಟ್ಟೆ:
ಯಾವ ಮಗುವೂ ಕೂಗಲಿಲ್ಲ,
ಯಾವ ತಾಯಿಯ ಫೋನೂ ಬರಲಿಲ್ಲ,
ಆಕಾಶಕ್ಕೆ ಮುಖಮಾಡಿ ನಾಲ್ಕು ಚಕ್ರ
ಸುಮ್ಮನೆ ಸುತ್ತುತ್ತಿದ್ದವು.

ಎತ್ತಿ ನಿಲ್ಲಿಸಿದೆ. ಮತ್ತೆ ಬೀಳಿಸಿದೆ,
ಈ ಸಲ ಬೇಕೆಂದೇ.
ಮೋನಬ್ಬನ ಚಹಾ ಆರಿತು. "ಕೊಡು ಇಲ್ಲಿ" ಅಂದ.

ಸೋಮವಾರ ಹುಮೈದ್ ಮೆಟ್ಟಿಲ ಮೇಲೇ ನಿಂತು ಕೇಳಿದ:
"ಎಷ್ಟು ಸಲ ಬಿತ್ತು?"
"ಹನ್ನೊಂದು."
"ಕಡಿಮೆಯಾಯ್ತು" ಅಂದು
ತನ್ನ ಸೀಟಿಗೆ ಹೋಗಿ ಬೆಲ್ಟು ಬಿಗಿದುಕೊಂಡ.